ಇಬ್ಬರಿಗೂ ಒಂದೇ ಅಳತೆ

ಟೈಲರಮ್ಮನ ಅಂಗಡಿಯಲ್ಲಿ ಬಟ್ಟೆ ತೊಡಿಸಿ ನೋಡುವ ಗೊಂಬೆ ಇರಲಿಲ್ಲ. ಅದೇ ಬೀದಿಯ ಇನ್ನೆರಡು ಹೊಲಿಗೆ ಅಂಗಡಿಗಳಲ್ಲಿ ತಲೆಯಿಲ್ಲದ, ಕೈಯಿಲ್ಲದ ಗೊಂಬೆಗಳು ಕಿಟಕಿಯ ಗಾಜಿಗೆ ಎದೆಯೊಡ್ಡಿ ನಿಂತಿರುತ್ತಿದ್ದವು. "ನಿಮ್ಮಲ್ಲಿ ಯಾಕಿಲ್ಲ?" ಎಂದು ಯಾರಾದರೂ ಕೇಳಿದರೆ, "ಇದೆಯಲ್ಲ, ಮಾತಾಡೋ ಗೊಂಬೆ. ಊಟಾನೂ ಮಾಡುತ್ತೆ" ಎಂದು ತಮ್ಮ ಎದೆಯ ಮೇಲೆ ಕೈಯಿಟ್ಟು ನಗುತ್ತಿದ್ದರು.

ನಗೆಯಾಡಿದರೂ ಆ ಮಾತು ನಿಜವಾಗಿತ್ತು. ಚಳಿ ಶುರುವಾಗುವ ಮುಂಚೆ ಒಮ್ಮೆ, ಬಿಸಿಲು ಶುರುವಾಗುವ ಮುಂಚೆ ಒಮ್ಮೆ, ವರ್ಷಕ್ಕೆ ಎರಡು ಸಲ ಅವರು ಒಂದು ಉಡುಪನ್ನು ತಮ್ಮ ಮೈಮೇಲೇ ಅಳೆದು, ತಾವೇ ತೊಟ್ಟುಕೊಂಡು ಕನ್ನಡಿಯ ಮುಂದೆ ತಿರುಗಿ ನೋಡಿ, ಬಿಚ್ಚಿ ಇಸ್ತ್ರಿ ಮಾಡಿ, ಪೆಟ್ಟಿಗೆಯಲ್ಲಿಟ್ಟು ಸೇತುವೆಯ ಆಚೆಗೆ ಕಳಿಸುತ್ತಿದ್ದರು. ಅಲ್ಲಿ ಅದನ್ನು ತೊಡುತ್ತಿದ್ದವಳು ಅವರ ಅವಳಿ ತಂಗಿ. ಇಷ್ಟು ನನಗೆ ತಿಳಿಯಲು ಎಂಟು ವರ್ಷ ಬೇಕಾಯಿತು.

ಕಾಜಾ ಹೊಲಿಯಲು, ಗುಂಡಿ ಕಟ್ಟಲು, ಅಂಚು ಮಡಿಸಿ ಹೆಮ್ಮಿಂಗ್ ಮಾಡಲು ನಾನು ಅಲ್ಲಿ ಸೇರಿದಾಗ ನನಗೆ ಇಪ್ಪತ್ತೈದು, ಅವರಿಗೆ ಮೂವತ್ತನಾಲ್ಕು. ಅವರ ತಾಯಿ ಆಗ ಇನ್ನೂ ಇದ್ದರು. ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಬಟ್ಟೆ ಕತ್ತರಿಸುವುದು ಅವರದೇ ಕೆಲಸ. ಮಷೀನು ಓಡುವಾಗ ಮೂವರೂ ಸುಮ್ಮನಿರುತ್ತಿದ್ದೆವು. ಬಾಬಿನ್ನಿಗೆ ದಾರ ಸುತ್ತುವಾಗ ಒಂದು ಮಾತು, ಸೂಜಿ ಮುರಿದಾಗ ಇನ್ನೊಂದು ಮಾತು. ಪ್ರಶ್ನೆ ಹಾಕುವ ಅಭ್ಯಾಸ ನನಗಿಲ್ಲ. ಸುಮ್ಮನೆ ಕೈಯಾಡಿಸುತ್ತಾ ಕೂತಿದ್ದರೆ ಜನ ತಾವಾಗಿಯೇ ಹೇಳುತ್ತಾರೆ. ಹಾಗೆ ಚೂರುಚೂರಾಗಿ ಬಂದದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಟೈಲರಮ್ಮನ ತಾಯಿ ಕರಿಯರು, ತಂದೆ ಬಿಳಿಯರು. ತಂದೆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಮದುವೆಯಾದ ದಿನದಿಂದ ಅವರ ಕಡೆಯವರು ಅವರನ್ನು ಬಿಟ್ಟರು; ಈ ಕಡೆಯವರು ಪೂರ್ತಿ ಸೇರಿಸಿಕೊಳ್ಳಲಿಲ್ಲ. ಮಕ್ಕಳು ಹುಟ್ಟಿದಾಗ ಮೊದಲು ಬಂದವಳು ತಾಯಿಯ ಬಣ್ಣ. ಇಪ್ಪತ್ತು ನಿಮಿಷ ಬಿಟ್ಟು ಬಂದವಳು ತಂದೆಯ ಬಣ್ಣ, ತಂದೆಯದೇ ನೇರ ಕೂದಲು. ಸೂಲಗಿತ್ತಿ ಎರಡನೆಯದನ್ನು ಎತ್ತಿ ಹಿಡಿದು, "ಇದ್ಯಾರ ಮನೇದು ದಾರಿ ತಪ್ಪಿ ಇಲ್ಲಿಗೆ ಬಂತು?" ಎಂದಳಂತೆ. ಉಳಿದದ್ದೆಲ್ಲ ಒಂದೇ ಅಚ್ಚು. ಹಣೆ, ಮೂಗು, ಕಿವಿಯ ಹಾಲೆ, ಕೊನೆಗೆ ಎಡಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿರುವುದೂ ಒಂದೇ. ಆದರೆ ಜನ ಬಣ್ಣ ನೋಡಿದ ಮೇಲೆ ಮೂಗು ನೋಡಲು ಹೋಗುವುದಿಲ್ಲ.

ಮನೆಯೊಳಗೆ ಬಣ್ಣ ಹಿಡಿದು ಕರೆಯುವಂತಿರಲಿಲ್ಲ. ಅಕ್ಕ, ತಂಗಿ, ಅಷ್ಟೇ. ತಂಗಿಗೆ ಸಿಟ್ಟು ಬಂದ ದಿನ, "ಇಪ್ಪತ್ತು ನಿಮಿಷಕ್ಕೆಲ್ಲಾ ಏನು ಅಕ್ಕ? ಅಷ್ಟೊತ್ತಿಗೆ ಒಂದು ಹಂಡೆ ನೀರೂ ಕಾಯಲ್ಲ" ಎನ್ನುತ್ತಿದ್ದಳು. "ನೀರು ಕಾಯಲಿ ಬಿಡಲಿ, ಅಕ್ಕ ಅನ್ನು" ಎಂದು ತಾಯಿ ಕತ್ತರಿ ತೋರಿಸಿ ಗದರಿಸುತ್ತಿದ್ದರು.

ಮಕ್ಕಳಿಗೆ ಆರು ತುಂಬುವಷ್ಟರಲ್ಲಿ ತಂದೆ ಎದೆನೋವಿನಲ್ಲಿ ಹೋದರು. ಅದೇ ವರ್ಷ ಶಾಲೆಗೆ ಹೆಸರು ಬರೆಸಲು ತಾಯಿ ಇಬ್ಬರನ್ನೂ ಕರೆದುಕೊಂಡು ಕಚೇರಿಗೆ ಹೋದರು. ಅಲ್ಲಿನ ಫಾರಮ್ಮಿನಲ್ಲಿ ಜನಾಂಗ ಎಂದು ಒಂದು ಕಾಲಂ ಇತ್ತು. ಗುಮಾಸ್ತ ಕನ್ನಡಕ ಕೆಳಗಿಳಿಸಿ ಮಕ್ಕಳನ್ನೂ ತಾಯಿಯನ್ನೂ ನೋಡಿದ.

"ಎರಡೂ ನಿಮ್ಮವೇನಾ?"

"ಒಂದು ನಂದು. ಇನ್ನೊಂದು ಬಾಡಿಗೆಗೆ ತಂದಿದ್ದು."

ಅವನು ನಗಲಿಲ್ಲ. ಒಂದು ಫಾರಮ್ಮಿನಲ್ಲಿ ಕರಿಯ ಎಂದು ಬರೆದ, ಇನ್ನೊಂದರಲ್ಲಿ ಬಿಳಿಯ ಎಂದು ಬರೆದ, ಎರಡಕ್ಕೂ ಒಂದೇ ಮೊಹರು ಒತ್ತಿದ. ಅಲ್ಲಿಂದ ಮುಂದೆ ಒಬ್ಬಳಿಗೆ ಸೇತುವೆಯ ಈಚೆಯ ಕರಿಯರ ಶಾಲೆ, ಒಬ್ಬಳಿಗೆ ಆಚೆಯ ಬಿಳಿಯರ ಶಾಲೆ. ತಾಯಿ ಅದನ್ನು ತಿದ್ದಿಸಬಹುದಿತ್ತು. "ಒಬ್ಬಳಾದ್ರೂ ಒಳ್ಳೆ ಶಾಲೆಗೆ ಹೋಗ್ಲಿ ಅಂತ ಬಾಯಿ ಮುಚ್ಕೊಂಡೆ" ಎಂದು ಅವರು ನನ್ನೆದುರು ಒಂದೇ ಒಂದು ಸಲ ಹೇಳಿದ್ದಾರೆ. ಹೇಳಿ, ಕತ್ತರಿಸುತ್ತಿದ್ದ ತೋಳಿನ ಬಟ್ಟೆಯನ್ನು ಅಂಕುಡೊಂಕು ಮಾಡಿಬಿಟ್ಟರು. ನಾನು ಕಂಡಂತೆ ಅವರ ಕತ್ತರಿ ತಪ್ಪಿದ್ದು ಅದೊಂದೇ ದಿನ.

ಹತ್ತನೇ ವಯಸ್ಸಿನಲ್ಲಿ ತಂಗಿ ಸೇತುವೆಯ ಮೇಲೆ ಗೆಳತಿಯರ ಜೊತೆ ಬರುವಾಗ ಅಕ್ಕ ಎದುರಾದಳು. ತಂಗಿ ಕಂಡೂ ಕಾಣದ ಹಾಗೆ ಹೋದಳು. ಮನೆಗೆ ಬಂದ ಮೇಲೆ ಎಂದಿನಂತೆ ಅಕ್ಕನ ಪಕ್ಕ ಕೂತು, ಶಾಲೆಯಲ್ಲಿ ಕಲಿಸಿದ್ದನ್ನೆಲ್ಲ ಅಕ್ಕನಿಗೆ ಹೇಳಿಕೊಟ್ಟಳು. ಅಕ್ಕ ಅವಳಿಗೆ ಹೊಲಿಗೆ ಹೇಳಿಕೊಟ್ಟಳು. ಅದು ಮಾತ್ರ ತಂಗಿಗೆ ಒಲಿಯಲಿಲ್ಲ. "ಕಾಗೆ ಕೆಸರಲ್ಲಿ ನಡೆದ ಹಾಗಿದೆಯಲ್ಲೇ" ಎಂದು ತಾಯಿ ಅವಳ ಹೊಲಿಗೆಯನ್ನು ಬೆಳಕಿಗೆ ಹಿಡಿದು ನಗುತ್ತಿದ್ದರು. ಒಂದು ಎಳೆ ಉದ್ದ, ಒಂದು ಗಿಡ್ಡ, ಮೂರನೆಯದು ಹಿಂದಕ್ಕೆ. ಕಾಗೆಕಾಲು ಎಂದೇ ಅದಕ್ಕೆ ಹೆಸರಾಯಿತು.

ಇಪ್ಪತ್ತಮೂರಕ್ಕೆ ತಂಗಿ ಮನೆ ಬಿಟ್ಟಳು. ಸೇತುವೆಯಾಚೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸವಾಗಿತ್ತು; ಗಿರಾಕಿಯಾಗಿ ಬಂದ ಬಿಳಿಯರ ಮನೆಯೊಂದರ ಮಗ ಅವಳನ್ನು ಮೆಚ್ಚಿ ಮದುವೆಗೆ ಕೇಳಿದ್ದ.

"ನಾನು ಒಬ್ಬಳೇ ಅಂತ ಅವರಿಗೆ ಹೇಳಿದ್ದೀನಿ. ಅಪ್ಪ ಅಮ್ಮ ಇಬ್ರೂ ಇಲ್ಲ ಅಂತ."

ತಾಯಿ ಕತ್ತರಿ ಕೆಳಗಿಡಲಿಲ್ಲ. "ಅಪ್ಪ ಇಲ್ಲ ಅನ್ನೋದು ನಿಜ ತಾನೆ. ಅರ್ಧ ಸುಳ್ಳು, ಅಷ್ಟೇ."

ತಂಗಿ ಅತ್ತಳು. ಅಳುತ್ತಲೇ ಅಕ್ಕನ ಕೈ ಹಿಡಿದುಕೊಂಡಳು. "ದಾರೀಲಿ ಎಲ್ಲಾದ್ರೂ ಸಿಕ್ರೆ ನೀನಾಗಿ ಮಾತಾಡಿಸಬೇಡ. ಆಣೆ ಮಾಡು."

"ನೀನೇ ಮಾತಾಡಿಸಿದ್ರೆ?"

"ನಾನು ಮಾತಾಡಿಸಿದ್ರೆ ಮಾತಾಡು. ನೀನಾಗಿ ಬೇಡ. ಕಾಗದಾನೂ ಬೇಡ."

ಅಕ್ಕ ಆಣೆ ಮಾಡಿದಳು. ಆಗ ತಾಯಿ ಹೇಳಿದರು: "ನಿಮ್ಮ ಆಣೆ ಗೀಣೆ ನಂಗೊತ್ತಿಲ್ಲ. ಬಟ್ಟೆ ಮಾತ್ರ ಇಲ್ಲೇ ಹೊಲಿಸ್ಕೋ. ಬೇರೆಯವರಿಗೆ ನಿನ್ನ ಭುಜ ಗೊತ್ತಾಗಲ್ಲ."

ಆ ಒಂದು ಮಾತಿನಿಂದ ಪೆಟ್ಟಿಗೆ ಶುರುವಾಯಿತು. ಆ ಮನೆಯ ಕಾರಿನ ಡ್ರೈವರು ಬಟ್ಟೆ ತರುತ್ತಿದ್ದ, ಹೊಲಿದದ್ದನ್ನು ಒಯ್ಯುತ್ತಿದ್ದ. ನಮ್ಮ ಬೀದಿಯವನೇ, ಬಾಯಿಬಡುಕ.

"ಅಲ್ಲ ಟೈಲರಮ್ಮ, ಸೇತುವೆ ಆಚೆ ಹೊಲಿಯೋರೆಲ್ಲ ಸತ್ತೋಗಿದ್ದಾರಾ? ನಮ್ಮಮ್ಮಾವ್ರು ಇಲ್ಲೀವರೆಗೂ ಕಳಿಸ್ತಾರಲ್ಲ!"

"ಅವರ ಭುಜ ಸ್ವಲ್ಪ ಓರೆ ಅಪ್ಪ. ಎಲ್ಲರಿಗೂ ಬರಲ್ಲ."

"ಭುಜ ಓರೆನೋ, ತಲೆ ಓರೆನೋ" ಎಂದು ಅವನು ಪೆಟ್ಟಿಗೆ ಹೊತ್ತು ಹೋಗುತ್ತಿದ್ದ.

ಬಟ್ಟೆಯ ಜೊತೆ ಒಂದು ಚೀಟಿ ಇರುತ್ತಿತ್ತು. "ಕಾಲರ್ ಬೇಡ." "ಉದ್ದ ಮೊಣಕಾಲಿನ ಕೆಳಗೆ." ಅಳತೆ ಎಂದೂ ಬರೆದಿರಲಿಲ್ಲ, ಇವರು ಎಂದೂ ಕೇಳಲಿಲ್ಲ. "ಇಬ್ಬರಿಗೂ ಒಂದೇ ಅಳತೆ" ಎಂದು ಟೈಲರಮ್ಮ ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆ ಬರುತ್ತಿತ್ತು. ಬೇರೆ ಯಾವ ವಿಷಯಕ್ಕೂ ನಾನು ಅಲ್ಲಿ ಆ ಹೆಮ್ಮೆ ಕಂಡಿಲ್ಲ. ಹಳೆಯ ಉಡುಪು ರಿಪೇರಿಗೆ ಬಂದರೆ ತಾಯಿ ಮೊದಲು ಅದನ್ನು ಮುಖಕ್ಕೆ ಹಿಡಿದು ಮೂಸಿ ನೋಡುತ್ತಿದ್ದರು. ಬರುವಾಗಲೇ ಅದು ಒಗೆದು ಇಸ್ತ್ರಿಯಾಗಿರುತ್ತಿತ್ತು. "ಒಗೀದೆ ಕಳಿಸು ಅಂತ ಹೇಳೋರು ಯಾರು ಅವಳಿಗೆ?" ಎಂದು ಗೊಣಗಿ ಮಡಿಚಿಡುತ್ತಿದ್ದರು.

ನಾನು ಸೇರುವುದಕ್ಕೆ ಏಳೆಂಟು ವರ್ಷ ಮುಂಚೆ, ಚೀಟಿಯೇ ಇಲ್ಲದೆ ಒಂದು ಗೌನು ವಾಪಸು ಬಂದಿತ್ತಂತೆ. ಸೊಂಟದ ಹೊಲಿಗೆ ಮಾತ್ರ ಬಿಚ್ಚಿತ್ತು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವುದು ನಮ್ಮ ಅಂಗಡಿಯ ಪದ್ಧತಿ, ಮೈ ಎಂದೂ ಒಂದೇ ತರ ಇರುವುದಿಲ್ಲವೆಂದು. ಬಿಟ್ಟಿದ್ದನ್ನೆಲ್ಲ ಬಿಚ್ಚಿ ಅಗಲ ಮಾಡಿದರು. ಆ ಆರು ತಿಂಗಳು ಟೈಲರಮ್ಮ ದಿನಾ ಪ್ರಾರ್ಥನೆ ಮಾಡಿದರು. ಏನೆಂದು ಪ್ರಾರ್ಥಿಸಿದರು ಎಂಬುದನ್ನು ನನಗೆ ಹೇಳುವಾಗ ತಲೆ ಎತ್ತಲಿಲ್ಲ.

"ಮಗು ಬೆಳ್ಳಗೆ ಹುಟ್ಟಲಿ ಅಂತ ಕೇಳಿಕೊಂಡೆ. ನನ್ನ ಬಣ್ಣ ಬರದೇ ಇರಲಿ ಅಂತ. ಅಮ್ಮ ಪಕ್ಕದಲ್ಲೇ ಕೂತಿದ್ರು. ದೇವರು ನನ್ನ ಮುಖ ನೋಡಿ ಏನಂದುಕೊಂಡನೋ."

ಮಗು ಬೆಳ್ಳಗೇ ಹುಟ್ಟಿತು. ಹೆಣ್ಣು. ಡ್ರೈವರು ಹೇಳಿದ.

ಅಕ್ಕತಂಗಿಯರಿಬ್ಬರಿಗೂ ನಲವತ್ತೊಂಬತ್ತಾದಾಗ ತಾಯಿ ತೀರಿಕೊಂಡರು. ಕಾಗದ ಬರೆಯಬಾರದೆಂಬ ಆಣೆ ಇತ್ತು. ಡ್ರೈವರ ಬಾಯಲ್ಲಿ ಹೇಳಿ ಕಳಿಸಿದರೆ ಊರಿಗೆಲ್ಲ ಡಂಗುರ. ಟೈಲರಮ್ಮ ತಾಯಿಯ ನೀಲಿ ಏಪ್ರನ್ನನ್ನು ಮೇಜಿನ ಮೇಲೆ ಹರಡಿದರು. ಇಪ್ಪತ್ತು ವರ್ಷ ಕತ್ತರಿ ಒರೆಸಿ ಒರೆಸಿ ತೆಳ್ಳಗಾದ ಬಟ್ಟೆ. ಅದರಿಂದ ಬೆಂಕಿಪೊಟ್ಟಣದಷ್ಟು ಚೂರು ಕತ್ತರಿಸಿ, ಆ ಸಲದ ಉಡುಪಿನ ಒಳಗೆ, ಎದೆಯ ಕಡೆ ಬರುವ ಹಾಗೆ ಹೊಲಿದರು. "ಅವಳಿಗೆ ಗೊತ್ತಾಗುತ್ತೆ" ಎಂದರು. ಉತ್ತರ ಬರಲಿಲ್ಲ. ಮುಂದಿನ ಸಲದ ಚೀಟಿಯಲ್ಲಿ "ತೋಳು ಉದ್ದ ಇರಲಿ" ಎಂದಷ್ಟೇ ಇತ್ತು. ಟೈಲರಮ್ಮ ಅದರಲ್ಲೂ ಒಂದು ನೀಲಿ ಚೂರು ಹೊಲಿದರು. ಅಲ್ಲಿಂದ ಎಲ್ಲದರಲ್ಲೂ.

ನಾಲ್ಕು ವರ್ಷ ಹೀಗೆ ಕಳೆದ ಮೇಲೆ ಒಂದು ಬೂದುಬಣ್ಣದ ಉಣ್ಣೆಯ ಬಟ್ಟೆ ಬಂತು, ಕೋಟಿಗೆ. ಟೈಲರಮ್ಮ ಎಂದಿನ ಹಾಗೆ ತಮ್ಮ ಮೈಮೇಲೆ ಟೇಪು ಹಿಡಿದರು. ಐವತ್ತು ದಾಟಿದ ಮೇಲೆ ಅವರು ಸ್ವಲ್ಪ ದಪ್ಪಗಾಗಿದ್ದರು. ತಾವು ದಪ್ಪಗಾದಷ್ಟು ತಂಗಿಯೂ ಆಗಿರುತ್ತಾಳೆಂದು ವರ್ಷವರ್ಷವೂ ಅವಳ ಬಟ್ಟೆಯನ್ನೂ ಅಗಲ ಮಾಡುತ್ತಾ ಬಂದಿದ್ದರು. "ಒಂದು ಸಲ ಅಳತೆ ತರಿಸಬಾರದಾ?" ಎಂದು ನಾನು ಅಂದಿದ್ದುಂಟು. "ನಮ್ಮ ಅಳತೆ ನಂಗೊತ್ತಿಲ್ವಾ?" ಎಂದು ನಕ್ಕಿದ್ದರು.

ಕೋಟು ವಾರದಲ್ಲಿ ವಾಪಸು ಬಂತು. ಚೀಟಿಯಲ್ಲಿ ಬೇರೆ ಯಾರದೋ ಅಕ್ಷರ: "ತುಂಬಾ ಸಡಿಲ. ಪಿನ್ನು ಹಾಕಿರುವಲ್ಲಿ ಹಿಡಿಯಿರಿ." ಟೈಲರಮ್ಮ ಪಿನ್ನಿನಿಂದ ಪಿನ್ನಿಗೆ ಟೇಪು ಇಟ್ಟರು. ಎರಡೂ ಪಕ್ಕದಲ್ಲಿ ಮೂರು ಮೂರು ಇಂಚು. ಮತ್ತೊಮ್ಮೆ ಇಟ್ಟರು.

"ಬೇರೆ ಯಾರಿಗಾದರೂ ಕೊಡೋಕೆ ಇರಬಹುದು" ಎಂದೆ ನಾನು.

"ಎಡಗಡೆ ಭುಜ ನೋಡು" ಎಂದರು. ಅಲ್ಲಿ ಯಾವ ಪಿನ್ನೂ ಇರಲಿಲ್ಲ. ಭುಜ ಸರಿಯಾಗಿಯೇ ಕೂತಿತ್ತು.

ಡ್ರೈವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದ. "ಅಮ್ಮಾವ್ರಿಗೆ ಹುಷಾರಿಲ್ಲ. ಎರಡು ವರ್ಷದಿಂದ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತಿದ್ದೀನಿ. ನಿಮಗೆ ಗೊತ್ತಿರಲಿಲ್ವಾ?" ಎಂದವನು ತಾನೇ ಸಮಾಧಾನ ಹೇಳಿದ: "ಅಲ್ಲ, ನಿಮಗ್ಯಾಕೆ ಗೊತ್ತಿರುತ್ತೆ ಬಿಡಿ."

ಎರಡು ವರ್ಷ. ನಾಲ್ಕು ಉಡುಪು. ಸೊರಗುತ್ತಿದ್ದ ಮೈಗೆ ಇವರು ಅಗಲ ಮಾಡಿ ಅಗಲ ಮಾಡಿ ಕಳಿಸಿದ್ದರು. ಅವಳು ಒಂದನ್ನೂ ಸರಿಯಿಲ್ಲ ಎನ್ನದೆ ಪಿನ್ನು ಸಿಕ್ಕಿಸಿಕೊಂಡು ತೊಟ್ಟಿದ್ದಳು.

"ಪಿನ್ನು ನೋಡಿ ಹೊಲಿಯೋಕಾಗಲ್ಲ. ಟ್ರಯಲ್ ನೋಡಬೇಕು. ನಾನೇ ಬರ್ತೀನಿ ಅಂತ ಹೇಳು" ಎಂದರು ಟೈಲರಮ್ಮ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದರು. "ಆಣೆ ಮುರಿಯಲ್ಲ. ಅಳತೆ ತಗೊಂಡು ಬರ್ತೀನಿ, ಅಷ್ಟೇ. ಅವಳು ಒಂದು ಸಲ ಅಕ್ಕ ಅಂದ್ರೆ ಸಾಕು ನಂಗೆ. ನೀನೂ ಬಾ. ಟೇಪಿನ ಇನ್ನೊಂದು ತುದಿ ಹಿಡಿ."

ಮಾರನೇ ದಿನ ಮಧ್ಯಾಹ್ನ ಹೋದೆವು. ಹಿಂದಿನ ಬಾಗಿಲಿನಿಂದ ಅಡುಗೆಮನೆ, ಅಲ್ಲಿಂದ ಕಿರಿದಾದ ಮೆಟ್ಟಿಲು, ಮೇಲೆ ಒಂದು ಬೆಳಕಿನ ಕೋಣೆ. ಕಿಟಕಿಯ ದಂಡೆಯ ಮೇಲೆ ಔಷಧಿಯ ಬಾಟಲಿಗಳು ಸಾಲಾಗಿದ್ದವು. ಕುರ್ಚಿಯಲ್ಲಿ ಕೂತಿದ್ದಾಕೆಯನ್ನು ನೋಡಿ ನಾನು ತಲೆ ತಗ್ಗಿಸಿದೆ. ಟೈಲರಮ್ಮನ ಮುಖವನ್ನೇ ಯಾರೋ ಸುಣ್ಣದ ನೀರಿನಲ್ಲಿ ಅದ್ದಿ, ಹಿಂಡಿ, ಒಣಹಾಕಿದ ಹಾಗಿತ್ತು.

ಮಗಳೂ ಅಲ್ಲೇ ಇದ್ದಳು. ಇಪ್ಪತ್ತಾರರ ಹುಡುಗಿ, ನಗುಮುಖ. "ನೀವೇನಾ ಅಮ್ಮನ ಟೈಲರ್? ಚಿಕ್ಕಂದಿನಿಂದ ನಿಮ್ಮ ಪೆಟ್ಟಿಗೆ ನೋಡಿದ್ದೀನಿ. ನೀವೂ ಇದ್ದೀರಿ ಅಂತ ಇವತ್ತು ಗೊತ್ತಾಯ್ತು."

"ಸ್ವಲ್ಪ ಎದ್ದು ನಿಂತ್ಕೊಳ್ಳೋಕಾಗುತ್ತಾ ಮೇಡಂ?" ಎಂದರು ಟೈಲರಮ್ಮ.

ಇಪ್ಪತ್ತಮೂರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಮೇಡಂ.

ತಂಗಿ ಕುರ್ಚಿಯ ಬೆನ್ನು ಹಿಡಿದು ನಿಂತರು. ಟೈಲರಮ್ಮ ಕೋಟು ತೊಡಿಸಿದರು. "ಕೈ ಸ್ವಲ್ಪ ಎತ್ತಿ. ಸಾಕು. ಉಸಿರು ಬಿಡಿ."

"ತುಂಬಾ ಇಳಿದುಬಿಟ್ಟಿದ್ದೀನಿ, ಅಲ್ವಾ?"

"ಒಳಗೆ ಬಟ್ಟೆ ಬಿಟ್ಟಿರ್ತೀನಿ ಮೇಡಂ. ಮೈ ಬಂದಾಗ ಬಿಚ್ಚಿದ್ರಾಯ್ತು."

ತಂಗಿ ಕೋಟಿನ ಎದೆಯೊಳಗೆ ಬೆರಳಿಟ್ಟರು. "ಈ ನೀಲಿ ಚೂರು, ನಾಲ್ಕು ವರ್ಷದಿಂದ ಎಲ್ಲದರಲ್ಲೂ ಇದೆ. ಏನಿದು?"

"ನಮ್ಮಮ್ಮನ ಏಪ್ರನ್ ಮೇಡಂ. ಅವರಿಗೆ ಇನ್ನು ಅದರ ಕೆಲಸ ಇಲ್ಲ."

"ಅಯ್ಯೋ ಪಾಪ, ತೀರಿಕೊಂಡ್ರಾ?" ಎಂದಳು ಮಗಳು. "ವಯಸ್ಸೆಷ್ಟಾಗಿತ್ತು?"

ಟೈಲರಮ್ಮನ ತುಟಿಗಳ ನಡುವೆ ಪಿನ್ನುಗಳಿದ್ದವು. ಅವರು ಅವನ್ನು ತೆಗೆಯುವ ಮೊದಲೇ ತಂಗಿ "ಎಪ್ಪತ್ತೊಂದು" ಎಂದರು.

ಮಗಳು ತಿರುಗಿ ನೋಡಿದಳು. "ನಿಂಗ್ಹೇಗೆ ಗೊತ್ತು?"

"ಇರಬಹುದು ಅಂದೆ. ಇವರನ್ನ ನೋಡಿದ್ರೆ ಅಷ್ಟು ಇರಬಹುದು ಅನ್ನಿಸ್ತು." ಅವರ ಕೈ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ಹೆತ್ತ ತಾಯಿ ಹೋದದ್ದು ನಿಜವೆಂದು ಹೀಗೆ ನಿಂತೇ ಕೇಳಿ, ಯಾರದೋ ತಾಯಿಗೆ ಎನ್ನುವ ಹಾಗೆ ಒಂದು ಸಲ ತಲೆಯಾಡಿಸಬೇಕಾಯಿತು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೋಟಿನ ತೋಳೊಂದನ್ನು ಬಿಚ್ಚಿಟ್ಟಿದ್ದರು, ಅದನ್ನೆತ್ತಿಕೊಂಡು ಮಗಳಿಗೆ ಹೇಳಿದೆ: "ಇದರ ಮಡಿಕೆ ಕೂರಿಸಬೇಕಿತ್ತಮ್ಮ. ಇಸ್ತ್ರಿಪೆಟ್ಟಿಗೆ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?" ಅವಳು ಕೆಳಗೆ ಕರೆದುಕೊಂಡು ಹೋದಳು. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ನಾನು ಇಸ್ತ್ರಿ ಮಾಡಿಲ್ಲ. ಇಸ್ತ್ರಿ ಕಾಯಲಿಲ್ಲವೆಂದೆ, ಆಮೇಲೆ ಕಾದದ್ದು ಹೆಚ್ಚಾಯಿತೆಂದೆ, ಒದ್ದೆ ಬಟ್ಟೆ ಬೇಕೆಂದೆ. ದೇವರೇ, ಅವರಿಬ್ಬರಿಗೂ ಬಾಯಿ ಕೊಡು ಎಂದು ಒಳಗೊಳಗೇ ಬೇಡುತ್ತಾ ಒಂದೇ ತೋಳನ್ನು ನಾಲ್ಕು ಸಲ ಉಜ್ಜಿದೆ. ಕಾಲು ಗಂಟೆ ಹಿಡಿಸಿದೆ. ಮೇಲೆ ಬಂದಾಗ ತಂಗಿ ಕುರ್ಚಿಯಲ್ಲಿದ್ದರು, ಟೈಲರಮ್ಮ ಟೇಪು ಸುತ್ತುತ್ತಿದ್ದರು.

"ಗುರುವಾರಕ್ಕೆ ಕೊಡ್ತೀನಿ ಮೇಡಂ."

"ಆಗಲಿ" ಎಂದರು ತಂಗಿ.

ವಾಪಸು ಬರುವಾಗ ಸೇತುವೆಯ ಮೇಲೆ ಅವರು ಸುತ್ತಿದ್ದ ಟೇಪನ್ನು ಬಿಚ್ಚಿ ಬಿಚ್ಚಿ ಮತ್ತೆ ಸುತ್ತುತ್ತಾ ನಡೆದರು.

ಬುಧವಾರವೇ ಕೋಟು ಮುಗಿಯಿತು. ಪಕ್ಕಕ್ಕೆ ಮೂರು ಇಂಚು ಹಿಡಿದು, ಹಿಡಿದ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಿಸಿಟ್ಟಿದ್ದರು. ಗುರುವಾರ ಬೆಳಿಗ್ಗೆ ಡ್ರೈವರು ಬಂದ. ಟೋಪಿ ಕೈಯಲ್ಲಿತ್ತು.

"ಕೋಟು ಇನ್ನು ಬೇಡವಂತೆ ಟೈಲರಮ್ಮ. ನಿನ್ನೆ ಸಂಜೆ ಹೋದ್ರು."

ಟೈಲರಮ್ಮ ಮಷೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಅವನು ಹೋದ ಮೇಲೆ ನಾನು ಬಾಗಿಲು ಎಳೆದುಕೊಂಡೆ. ಅವರು ತಾವಾಗಿ ಹೇಳಿದರು.

"ನೀನು ಇಸ್ತ್ರಿ ನೆಪ ಮಾಡಿ ಹೋದೆಯಲ್ಲ. ನಾವು ಮಾತೇ ಆಡಲಿಲ್ಲ. ಅವಳು ಒಂದು ಸಲ ಅಕ್ಕ ಅನ್ನಲಿ ಅಂತ ನಾನು ಕಾದೆ. ನಾನಾಗಿ ಮಾತಾಡಿಸಬಾರದಲ್ಲ. ಅವಳ ಬಾಯಿ ಎರಡು ಸಲ ತೆರೀತು. ಕಣ್ಣು ನನ್ನೇ ನೋಡ್ತಿತ್ತು. ಈಗ ಅನ್ನಿಸುತ್ತೆ, ಅವಳಿಗೆ ಮಾತಾಡಿಸೋಕೆ ಮುಖ ಇರಲಿಲ್ಲ. ನಾನು ಮೊದಲು ಬೈಲಿ ಅಂತ, ಏನಾದ್ರೂ ಅನ್ನಲಿ ಅಂತ ಕಾದಳು. ಅವಳು ಕಾದಳು, ನಾನು ಕಾದೆ. ಮೆಟ್ಟಿಲ ಮೇಲೆ ನಿಮ್ಮ ಕಾಲಸಪ್ಪಳ ಕೇಳಿಸ್ತು."

ಅಷ್ಟು ಹೇಳಿ, ಬಾಬಿನ್ನಿಗೆ ದಾರ ಸುತ್ತತೊಡಗಿದರು. ಬಾಬಿನ್ನು ತುಂಬಿ ಹೊರಚೆಲ್ಲಿದರೂ ಸುತ್ತುತ್ತಲೇ ಇದ್ದರು.

ತಿಂಗಳ ಮೇಲೆ ಮಗಳು ಬಂದಳು. ಡ್ರೈವರು ನಾಲ್ಕು ಪೆಟ್ಟಿಗೆ ತಂದು ಒಳಗಿಟ್ಟು ಹೊರಗೆ ಹೋದ.

"ಅಮ್ಮ ಕೊನೇ ದಿನ ಹೇಳಿದ್ರು. ನನ್ನ ಬಟ್ಟೆ ಯಾರಿಗೂ ಹಂಚಬೇಡ, ಆ ಟೈಲರಿಗೆ ಕೊಡು, ಅವರಿಗೆ ಸರಿಯಾಗುತ್ತೆ ಅಂತ. ನಂಗೆ ಅರ್ಥ ಆಗಲಿಲ್ಲ. ಅಮ್ಮನ ಬಟ್ಟೆ ನಿಮಗೆ ಹೇಗೆ ಸರಿಯಾಗುತ್ತೆ?"

"ಹೊಲಿದವಳು ನಾನಲ್ವಾ ಅಮ್ಮ. ಸರಿ ಮಾಡ್ಕೊಳ್ತೀನಿ."

ಅವಳು ಹೋಗಲಿಲ್ಲ. ಮಷೀನಿನ ಮುಂದೆ ಕೂತಿದ್ದ ಟೈಲರಮ್ಮನನ್ನು ನೋಡುತ್ತಾ ನಿಂತಳು. "ಅಮ್ಮನಿಗೂ ಎಡಭುಜ ಹೀಗೇ ಇಳಿದಿತ್ತು."

"ಹೊಲಿಯೋರಿಗೆಲ್ಲ ಹಾಗೇ ಆಗುತ್ತೆ. ಬಗ್ಗಿ ಬಗ್ಗಿ."

"ಅಮ್ಮ ಹೊಲೀತಿರಲಿಲ್ಲ."

ನಾನು ಒಂದೇ ಗುಂಡಿಯ ಮೇಲೆ ದಾರ ಸುತ್ತುತ್ತಿದ್ದೆ. ಟೈಲರಮ್ಮ ಬಾಯಿ ತೆರೆದರು, ಮುಚ್ಚಿದರು. ಕೊನೆಗೆ "ನಿಮ್ಮ ಕೋಟಿನ ಕಾಲರು ಮಡಿಚಿದೆ ನೋಡಿ" ಎಂದು ಎದ್ದು, ಅವಳ ಕುತ್ತಿಗೆಯ ಹಿಂದೆ ಕೈಹಾಕಿ ಸರಿಮಾಡಿದರು. ಸರಿಯಾದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಇತ್ತು. ಹುಡುಗಿಯೂ ಅಲುಗಲಿಲ್ಲ. ಆಮೇಲೆ "ಬರ್ತೀನಿ" ಎಂದು ಹೊರಟಳು.

"ಹೇಳಬಹುದಿತ್ತಲ್ಲ" ಎಂದೆ. ಅವರೊಡನೆ ನಾನು ಎದುರು ಮಾತಾಡಿದ್ದು ಬಹುಶಃ ಅದೊಂದೇ ಸಲ.

"ಆಣೆ ಇಟ್ಟವಳು ಹೋದಳು. ಬಿಡಿಸಿಕೊಳ್ಳೋದು ಯಾರ ಹತ್ರ?"

ಪೆಟ್ಟಿಗೆ ಬಿಚ್ಚಿದೆವು. ಮೂವತ್ತು ವರ್ಷದ ಉಡುಪುಗಳು, ಹಳೆಯವು ಕೆಳಗೆ, ಹೊಸವು ಮೇಲೆ. ಟೈಲರಮ್ಮ ಮೇಲಿನದನ್ನು ತಿರುವಿ ಒಳಗಿನ ನೀಲಿ ಚೂರು ನೋಡಿದರು. ನೋಡಿ ನನ್ನ ಕೈಗೆ ಕೊಟ್ಟರು. ಅವರು ಹೊಲಿದಿದ್ದ ಸಣ್ಣ ಸಮ ಹೊಲಿಗೆಯ ಸುತ್ತ ಇನ್ನೊಂದು ಸುತ್ತು ಹೊಲಿಗೆಯಿತ್ತು. ಒಂದು ಎಳೆ ಉದ್ದ, ಒಂದು ಗಿಡ್ಡ, ಮೂರನೆಯದು ಹಿಂದಕ್ಕೆ. ಕಾಗೆಕಾಲು. ಇನ್ನೊಂದನ್ನು ತಿರುವಿದರು, ಅದರಲ್ಲೂ. ನಾಲ್ಕು ವರ್ಷದ ಒಂದೊಂದರಲ್ಲೂ, ಬಿಚ್ಚಿಹೋಗದ ಹಾಗೆ ಅವಳು ತನ್ನ ಕೈಯಾರೆ ಮತ್ತೊಮ್ಮೆ ಹೊಲಿದಿದ್ದಳು. ಪಿನ್ನು ಸಿಕ್ಕಿಸಿಕೊಂಡು ತೊಟ್ಟವುಗಳಲ್ಲೂ.

"ಇನ್ನೂ ಬರಲಿಲ್ಲ ನೋಡು ಅವಳಿಗೆ ಹೊಲಿಗೆ" ಎಂದು ಟೈಲರಮ್ಮ ನಗಲು ಹೋದರು. ಆ ನಗು ಅರ್ಧಕ್ಕೇ ಒಡೆಯಿತು. ತಂಗಿಗಾಗಿ ಅವರು ದನಿ ತೆಗೆದು ಅತ್ತದ್ದು ಆಗ.

ಮಗಳು ಮತ್ತೆ ಬರಲಿಲ್ಲ. ತಿಳಿಯದೆ ಬರಲಿಲ್ಲವೋ, ತಿಳಿದೇ ಬರಲಿಲ್ಲವೋ, ನಾನು ಹೇಳಲಾರೆ. ಬಾಗಿಲಲ್ಲಿ ಕಾರಿನ ಸದ್ದಾದರೆ ಟೈಲರಮ್ಮ ಮಷೀನು ನಿಧಾನ ಮಾಡುವುದು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. ಪೆಟ್ಟಿಗೆಯ ಉಡುಪುಗಳನ್ನು ಬೇಕಾದಲ್ಲಿ ಅಗಲ ಮಾಡಿ, ಒಂದೊಂದಾಗಿ ತೊಟ್ಟು ಸವೆಸಿದರು. ಆ ಬೂದು ಕೋಟನ್ನು ಮಾತ್ರ ತೊಡಲಿಲ್ಲ. "ಒಳಗೆ ಬಟ್ಟೆ ಇದೆಯಲ್ಲ, ಬಿಚ್ಚಿದ್ರೆ ನಿಮಗಾಗುತ್ತೆ" ಎಂದರೆ, "ಬಿಚ್ಚಿದ್ರೆ ನಂದಾಗುತ್ತೆ. ಹೀಗಿದ್ರೆ ಅವಳದು" ಎನ್ನುತ್ತಿದ್ದರು. ಅದು ಬಾಗಿಲ ಹಿಂದೆ ಹ್ಯಾಂಗರಿನಲ್ಲಿ ಹದಿನೆಂಟು ವರ್ಷ ತೂಗಿತು. ಚಳಿಗಾಲ ಬಂದಾಗ ನಾನು ಅದರ ಧೂಳು ಒರೆಸುತ್ತಿದ್ದೆ.

ಎಪ್ಪತ್ತೊಂದನೇ ವರ್ಷದಲ್ಲಿ ಟೈಲರಮ್ಮ ಹಾಸಿಗೆ ಹಿಡಿದರು. ಅವರ ತಾಯಿ ಹೋದ ವಯಸ್ಸು, ತಂಗಿಗೆ ಬಂದ ರೋಗ. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿದ್ದರು. ದಿನದಿನಕ್ಕೆ ಇಳಿದರು. ಒಂದು ಮಧ್ಯಾಹ್ನ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿದ್ದಾಗ, "ಆ ಕೋಟು ತಗೊಂಡು ಬಾ" ಎಂದರು.

ಎಬ್ಬಿಸಿ ಕೂರಿಸಿ ತೊಡಿಸಿದೆ. ಕೈ ತೋಳಿನೊಳಗೆ ನೀರು ಇಳಿದಂತೆ ಇಳಿಯಿತು. ಎಡಭುಜ ಅದರ ಜಾಗಕ್ಕೆ ಬಂದು ಕೂತಿತು. ಪಕ್ಕಗಳನ್ನು ಹಿಡಿದು ನೋಡಿದೆ, ಒಂದು ಬೆರಳೂ ಹೆಚ್ಚಿರಲಿಲ್ಲ.

"ಹಿಡಿಯೋದು ಬಿಡೋದು ಏನಾದ್ರೂ ಇದೆಯಾ?" ಎಂದರು, ಟ್ರಯಲ್ಲಿಗೆ ಬಂದ ಗಿರಾಕಿಯ ಹಾಗೆ.

"ಏನೂ ಇಲ್ಲ. ಸರಿಯಾಗಿದೆ."

"ಹೇಳಿರಲಿಲ್ವಾ ನಾನು? ಒಂದೇ ಅಳತೆ ಅಂತ." ಸ್ವಲ್ಪ ಹೊತ್ತು ಉಸಿರು ಹಿಡಿದುಕೊಂಡರು. "ಬರುವಾಗ ನಾನು ಮುಂದೆ ಬಂದೆ. ಹೋಗುವಾಗ ಅವಳು ಮುಂದೆ ಹೋದಳು. ಅಲ್ಲಿ ಹೋದ್ರೆ ಇನ್ನು ನೀನೇ ನನ್ನ ಅಕ್ಕ ಅನ್ನು ಅಂತಾಳೋ ಏನೋ."

ನಾನು ನಕ್ಕೆ. ಅವರು ನಗಲಿಲ್ಲ. ಕಾಲರು ಹಿಡಿದಿದ್ದ ನನ್ನ ಕೈಯನ್ನು ಹಿಡಿದುಕೊಂಡರು.

"ನೀನು ದಿನಾ ಪ್ರಾರ್ಥನೆ ಮಾಡೋಳು. ನಿಂಗೆ ಗೊತ್ತಿರುತ್ತೆ, ಹೇಳು. ಅಲ್ಲಿ ನಾನಾಗಿ ಮಾತಾಡಿಸಬಹುದಾ?"

ನಾನು ಶಾಲೆಗೆ ಹೋದವಳಲ್ಲ. ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದು ಇವರ ಅಂಗಡಿಯ ಚೀಟಿಗಳಿಂದ. ಆಚೆಯ ನಿಯಮಗಳು ನನಗೇನು ಗೊತ್ತು? ಆದರೂ ಅವತ್ತು ನಾನು ತಡವರಿಸಲಿಲ್ಲ.

"ಆಣೆ ಇಲ್ಲೀದು" ಎಂದೆ. "ಅಲ್ಲಿಗೆ ಬರಲ್ಲ. ನೀವೇ ಮಾತಾಡಿಸಿ."

"ಏನಂತ ಶುರು ಮಾಡ್ಲಿ?"

"ಹೊಲಿಗೆ ಚೆನ್ನಾಗಿಲ್ಲ ಅಂತ ಬೈಯಿರಿ."

ಅದಕ್ಕೆ ಅವರ ತುಟಿ ಸ್ವಲ್ಪ ಅಲುಗಿತು. ಕೋಟು ಬಿಚ್ಚಬೇಡ ಎಂದರು. ನಾನು ಬಿಚ್ಚಲಿಲ್ಲ. ಎರಡು ದಿನ ಅದರಲ್ಲೇ ಇದ್ದರು, ಆಮೇಲೆ ಅದರಲ್ಲೇ ಕಳಿಸಿಕೊಟ್ಟೆವು. ಕಳಿಸುವ ಮುಂಚೆ ನೋಡಿದರೆ ಮೇಲಿನ ಗುಂಡಿಯೊಂದು ಸಡಿಲವಾಗಿತ್ತು. ಅದನ್ನು ಬಿಗಿಯಾಗಿ ಕಟ್ಟಿ, ದಾರವನ್ನು ಹಲ್ಲಿನಿಂದ ಕಡಿದೆ.